ಎದುರುತ್ತರವೂ ನಮ್ಮ ಕನ್ನಡದ ಕಿವಿಯೂ

ಹದಿನೈದು ವರ್ಷದ ಮಗ ಯಾವ ಮಾತಿಗೂ ಬಗ್ಗುವುದಿಲ್ಲ, ಏನು ಹೇಳಿದರೂ 'ಯಾಕೆ' ಎಂದು ಎದುರು ನಿಲ್ಲುತ್ತಾನೆ ಎಂದು ನೀವು ತೋಡಿಕೊಂಡ ಸಂಕಟ ನಮ್ಮ ಮನೆಯದೂ ಹೌದು. ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು 18 ವರ್ಷಗಳಾದವು; ಮಗಳಿಗೀಗ 17.

ಎರಡು ವರ್ಷಗಳ ಹಿಂದಿನ ಯುಗಾದಿಯ ಸಂಜೆ, ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೊರಡುವ ಹೊತ್ತಿಗೆ, ಇಸ್ತ್ರಿ ಮಾಡಿಟ್ಟಿದ್ದ ಲಂಗ ದಾವಣಿಯನ್ನು ಮಂಚದ ಮೇಲೇ ಬಿಟ್ಟು 'ನಾನು ಬರಲ್ಲ, ನೀವು ಹೋಗಿ' ಎಂದು ಬಾಗಿಲು ಹಾಕಿಕೊಂಡಳು. ನಮ್ಮ ಯಜಮಾನರು ಕೂಗಾಡಿದರು. ನಾನು ಕಣ್ಣೀರಿಟ್ಟು, ಸಾಲದೆಂಬಂತೆ ಮೈಸೂರಿನಲ್ಲಿರುವ ಅಕ್ಕನ ಮಗಳನ್ನು ನೋಡಿ ಕಲಿ ಎಂದೂ ಹೇಳಿದೆ. ಆ ಮಾತನ್ನು ನೀವು ಮಾತ್ರ ಎಂದೂ ಆಡಬೇಡಿ. ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲೆಂದು ಕೆಳಗಿಳಿದರೆ, ಅವಳು ದೀಪ ಹಾಕದೆ, ತೆರೆದ ಫ್ರಿಜ್ಜಿನ ಬೆಳಕಿನಲ್ಲಿ ನಿಂತು ತಣ್ಣನೆಯ ಹೋಳಿಗೆ ತಿನ್ನುತ್ತಿದ್ದಳು. ಮಾತಾಡದೆ ತುಪ್ಪ ಕಾಯಿಸಿ ಹಾಕಿದೆ. ಆಗ ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಇಷ್ಟೇ: ಹಿಂದಿನ ವರ್ಷ ಅಲ್ಲಿ ತನ್ನ ಕನ್ನಡ ತಪ್ಪಿದಾಗ ಹಿರಿಯರೊಬ್ಬರು ನಕ್ಕಿದ್ದರು, ಅವರ ಜೊತೆ ನಾನೂ ನಕ್ಕಿದ್ದೆ.

ಅಂದಿನಿಂದ ನನಗೆ ಅನ್ನಿಸಿರುವುದೇನೆಂದರೆ, ನಾವು ಎದುರುತ್ತರ ಎನ್ನುವುದರಲ್ಲಿ ಅರ್ಧಪಾಲು ಭಾಷೆಯ ಕೊರತೆ. ನಮ್ಮ ಮಕ್ಕಳ ಕನ್ನಡ ಊಟ, ಬಟ್ಟೆ, ಅಜ್ಜಿಯ ಫೋನು ಇಷ್ಟಕ್ಕೆ ಸಾಕಾಗುತ್ತದೆಯೇ ಹೊರತು, ಮನಸ್ಸಿಗೆ ಒಪ್ಪದ್ದನ್ನು ನಯವಾಗಿ ಹೇಳುವಷ್ಟು ಬೆಳೆದಿರುವುದಿಲ್ಲ. 'ಬರಲ್ಲ', 'ಮಾಡಲ್ಲ' ಎಂಬಲ್ಲಿಗೆ ಅವರ ಮಾತು ಮುಗಿಯುತ್ತದೆ. ಇಂಗ್ಲಿಷಿಗೆ ಹೊರಳಿದರೋ, ತರಗತಿಯಲ್ಲಿ ಮೇಷ್ಟರೊಡನೆ ವಾದಿಸಿ ಭೇಷ್ ಎನ್ನಿಸಿಕೊಳ್ಳುವ ಧಾಟಿಯೇ ಮನೆಗೂ ಬರುತ್ತದೆ, ದೊಡ್ಡವರ ಮುಂದೆ ದನಿ ಎತ್ತದೆ ಬೆಳೆದ ನಮ್ಮ ಕಿವಿಗೆ ಅದು ಉದ್ಧಟತನವಾಗಿ ಕೇಳಿಸುತ್ತದೆ. ಈಗ ನಮ್ಮ ಮನೆಯಲ್ಲಿ, ಅವಳು ಹೇಳಿದ ವಿಷಯಕ್ಕೆ ಆಗಲೇ ಉತ್ತರ ಕೊಡುತ್ತೇವೆ. ಹೇಳಿದ ರೀತಿ ತಪ್ಪಿದ್ದರೆ, ಎಲ್ಲರೂ ತಣ್ಣಗಾದ ಮೇಲೆ, ಮರುದಿನ ಹೇಳುತ್ತೇವೆ. ಹತ್ತರಲ್ಲಿ ನಾಲ್ಕು ಸಲ ಆ ನಿಯಮವನ್ನು ಮುರಿಯುವವಳು ನಾನೇ.

ನಿದ್ದೆಯನ್ನೂ ಗಮನಿಸಿ. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೇಕಾಗುವ ನಿದ್ದೆ ಮಾತ್ರ 8ರಿಂದ 10 ಗಂಟೆ. ಇದೇ ಕಾರಣಕ್ಕೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈನಿಂದ ಬಹುತೇಕ ಸಾರ್ವಜನಿಕ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕೆ ಮೊದಲು ಆರಂಭವಾಗುವಂತಿಲ್ಲ. ಶನಿವಾರ ಆರಕ್ಕೇ ಸುಪ್ರಭಾತ ಹಾಕಿ ಎಬ್ಬಿಸುತ್ತಿದ್ದುದನ್ನು ಯಜಮಾನರು ನಿಲ್ಲಿಸಿದ ಮೇಲೆ ವಾರಾಂತ್ಯದ ಅರ್ಧ ಜಗಳ ತಾನಾಗಿ ಇಳಿಯಿತು.

ಒಂದೇಟು ಬಿಟ್ಟರೆ ಸರಿಹೋಗುತ್ತಾನೆ ಎಂಬ ಊರಿನ ಸಲಹೆ ನಿಮಗೂ ಬಂದಿರಬಹುದು. ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ಇಲ್ಲಿನ ಶಿಕ್ಷಕರು ಕಾನೂನಿನಂತೆ ವರದಿ ಮಾಡಲೇಬೇಕು ಎಂಬುದು ಒಂದು ಮಾತು. ಹೊಡೆತ ತಿಂದ ಹದಿನೈದರ ಹುಡುಗ ಮತ್ತೆ ನಿಮ್ಮೊಡನೆ ಬಾಯಿ ಬಿಡುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು. ಆದರೆ ಅವನು ಗೆಳೆಯರನ್ನೂ ಬಿಟ್ಟು, ಊಟ ಬಿಟ್ಟು, ಬದುಕೇ ಬೇಡ ಎನ್ನುವಂತೆ ಮಾತಾಡಿದರೆ ಅದನ್ನು ಹಟವೆಂದು ತಿಳಿಯದೆ ತಕ್ಷಣ ವೈದ್ಯರನ್ನು ಕಾಣಿರಿ. ಆತ್ಮಹತ್ಯೆ ತಡೆಯಲೆಂದೇ ಅಮೆರಿಕದಲ್ಲಿರುವ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಇನ್ನೊಂದು ಉಪಾಯ ನಮಗೆ ಅನಾಯಾಸವಾಗಿ ಒದಗಿತು. ಇಲ್ಲಿ ಹದಿನೈದೂವರೆ ವರ್ಷಕ್ಕೆ ಕಾರು ಕಲಿಯುವ ಪರವಾನಗಿ ಸಿಗುತ್ತದೆ, ಲೈಸೆನ್ಸಿಗೆ ಮೊದಲು ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಬೇಕು, ಅದರಲ್ಲಿ 10 ಗಂಟೆ ರಾತ್ರಿಯಲ್ಲಿ. ಇಬ್ಬರ ಕಣ್ಣೂ ರಸ್ತೆಯ ಮೇಲಿರುವಾಗ ಮಾತು ಸುಲಭವಾಗಿ ಬರುತ್ತದೆ. ಮನೆಯಲ್ಲಿ ವರ್ಷವಿಡೀ ಹೇಳದ್ದನ್ನು ಅವಳು ಆ ಹತ್ತು ಗಂಟೆಗಳಲ್ಲಿ ಹೇಳಿದಳು. ನಡುನಡುವೆ, 'ಅಮ್ಮ, ನಿನ್ನ ಕಡೆ ಬ್ರೇಕ್ ಇಲ್ಲ, ಕಾಲು ಒತ್ತಬೇಡ' ಎಂದು ಅಚ್ಚಗನ್ನಡದಲ್ಲೇ ಗದರಿದಳು.