ಟಿಎಸ್-3ಆರ್ ತೊಗರಿಯ ಕಾಯಿಯಲ್ಲಿ ದಪ್ಪ ಹುಳು, ಆಶಾದಲ್ಲಿ ಸಣ್ಣ ಹುಳು: ಇದು ತಳಿಯ ಗುಣವೇ?

ಪ್ರಶ್ನೆ – ಆಳಂದದ ರೈತ
ಎಲ್ಲರಿಗೂ ನಮಸ್ಕಾರ. ನಮ್ಮ ಎರೆ ಹೊಲದಲ್ಲಿ ಬದುವಿನ ಆಚೆ ಟಿಎಸ್-3ಆರ್, ಈಚೆ ಆಶಾ ತೊಗರಿ ಬಿತ್ತಿದ್ದೇವೆ. ಟಿಎಸ್-3ಆರ್ ಕಾಯಿಗಳಲ್ಲಿ ತಲೆ ಹುದುಗಿಸಿ, ಅರ್ಧ ಮೈ ಹೊರಗೆ ಬಿಟ್ಟುಕೊಂಡು ಕಾಳು ತಿನ್ನುವ ದಪ್ಪ ಕಾಯಿಕೊರಕಗಳಿವೆ. ಆಶಾದಲ್ಲಿ ಸಣ್ಣ ಮರಿಗಳಷ್ಟೇ ಕಾಣುತ್ತಿವೆ. ಎರಡೂ ಗಿಡವನ್ನು ಒಣಗಿಸುವ ನೆಟೆ ರೋಗ ತಡೆಯುವ ತಳಿಗಳು. ಆಶಾ ತಿಂದ ಹುಳು ಬೆಳೆಯುವುದಿಲ್ಲವೆಂದು ತಿಳಿದು ಮುಂದಿನ ವರ್ಷ ಹೊಲಕ್ಕೆಲ್ಲ ಅದನ್ನೇ ಬಿತ್ತಬಹುದೇ?

ಉತ್ತರ – ಕಲಬುರಗಿಯ ಕೃಷಿ ಪದವೀಧರೆ
ದಯವಿಟ್ಟು ಈಗಲೇ ನಿರ್ಧರಿಸಬೇಡಿ. ನೆಟೆ ರೋಗ ಮಣ್ಣಿನ ಶಿಲೀಂಧ್ರದಿಂದ ಬರುವಂಥದ್ದು. ಅದನ್ನು ತಡೆಯುವ ಗುಣಕ್ಕೂ ಕಾಯಿಕೊರಕವನ್ನು ತಡೆಯುವ ಗುಣಕ್ಕೂ ಸಂಬಂಧವಿಲ್ಲ. ಟಿಎಸ್-3ಆರ್ ಮೊದಲು ಹೂ ಬಿಡುವುದರಿಂದ ಕಾಯಿಕೊರಕದ ಪತಂಗಗಳು ಅಲ್ಲಿ ಮೊದಲೇ ಮೊಟ್ಟೆ ಇಟ್ಟಿರುತ್ತವೆ, ಆದ್ದರಿಂದ ನೀವು ಕಂಡದ್ದು ಹುಳುಗಳ ವಯಸ್ಸಿನ ವ್ಯತ್ಯಾಸವೇ ಆಗಿರುವ ಸಂಭವ ಹೆಚ್ಚು.

ಹಾಗೆಂದು ತಳಿಯ ಪ್ರಭಾವ ಸುಳ್ಳಲ್ಲ. ತೊಗರಿಯ ಕಾಡುಸಂಬಂಧಿ ಕಜಾನಸ್ ಸ್ಕ್ಯಾರಾಬಿಯಾಯ್ಡಿಸ್ ಕಾಯಿಯ ಮೇಲೆ ಒತ್ತೊತ್ತಾಗಿ ಗಿಡ್ಡ ರೋಮಗಳಿದ್ದು, ಆಗಷ್ಟೇ ಮೊಟ್ಟೆಯೊಡೆದ ಹುಳು ಸಿಪ್ಪೆಯನ್ನು ಮುಟ್ಟಲಾಗದೆ ಹಸಿವಿನಿಂದ ಸಾಯುತ್ತದೆ. ಕಡಲೆಯಲ್ಲಿ ದಾರಿ ಬೇರೆ: ಬೆಳಗಿನ ಹೊತ್ತು ಹೊಲದಲ್ಲಿ ನಡೆದರೆ ಕಾಲು ಉರಿಸುವ, ಗಿಡ ಸ್ರವಿಸುವ ಆ ಹುಳಿಯಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿವೆ, ಆಕ್ಸಾಲಿಕ್ ಆಮ್ಲ ಹೆಚ್ಚಿರುವ ತಳಿಯನ್ನು ತಿಂದ ಹುಳುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಹಾಗೆ ನಿಧಾನವಾಗಿ ಬೆಳೆದ ಹುಳು ಹೆಚ್ಚು ದಿನ ಹಕ್ಕಿಗಳಿಗೂ, ಹುಳುವನ್ನೇ ತಿಂದು ಬೆಳೆದು ಅದನ್ನು ಕೊಲ್ಲುವ ಪರತಂತ್ರ ಜೀವಿಗಳಿಗೂ ಸಿಗುವಂತಿರುತ್ತದೆ. ಅದರ ಕೋಶ (ಹುಳು ಪತಂಗವಾಗುವ ಮುಂಚಿನ ಹಂತ) ಹಗುರವಾಗಿ, ಮುಂದೆ ಪತಂಗ ಇಡುವ ಮೊಟ್ಟೆಗಳೂ ಕಡಿಮೆಯಾಗುತ್ತವೆ. ಇದೇ ನನಗೆ ಬಹಳ ಮುಖ್ಯವೆನಿಸುವ ಲಾಭ, ಏಕೆಂದರೆ ಇದಕ್ಕೆ ಔಷಧದ ಖರ್ಚಿಲ್ಲ.

ಉತ್ತರ – ಚಿಂಚೋಳಿಯ ಬೆಳೆಗಾರ
ಅಕ್ಕನವರು ಹೇಳಿದ್ದು ಸರಿ. ಖಚಿತಪಡಿಸಿಕೊಳ್ಳಬೇಕೆಂದರೆ ಒಂದೇ ವಯಸ್ಸಿನ ಮರಿಗಳನ್ನು ಗಾಳಿಯಾಡುವ ಡಬ್ಬಿಗಳಲ್ಲಿಟ್ಟು, ಕೆಲವಕ್ಕೆ ಒಂದು ತಳಿಯ, ಉಳಿದವಕ್ಕೆ ಇನ್ನೊಂದು ತಳಿಯ ಎಳೆಗಾಯಿ ಕೊಟ್ಟು, ಕೋಶವಾಗುವವರೆಗೆ ತೂಕ ನೋಡಿರಿ. ಒಂದು ಡಬ್ಬಿಗೆ ಒಂದೇ ಹುಳು ಇರಲಿ, ಏಕೆಂದರೆ ಈ ಹುಳುಗಳು ಒಂದನ್ನೊಂದು ತಿನ್ನುತ್ತವೆ. ಪೂರ್ತಿ ಆಶಾ ಬಿತ್ತುವ ಮೊದಲು ಇನ್ನೊಂದು ವಿಷಯ ಗಮನಿಸಿರಿ: ಆಶಾದಂತೆ ತಡವಾಗಿ ಮಾಗುವ ತಳಿಗಳಿಗೆ ಕಾಯಿನೊಣದ ಬಾಧೆ ಹೆಚ್ಚು, ಮತ್ತು ಅದರ ಮರಿ ಕಾಯಿಯ ಒಳಗೇ ಇರುವುದರಿಂದ ಹೊರಗಿನಿಂದ ಬೆಳೆ ಚೆನ್ನಾಗಿಯೇ ಕಾಣುತ್ತದೆ.

ಪ್ರಶ್ನಿಸಿದವರು
ಇಬ್ಬರಿಗೂ ಧನ್ಯವಾದಗಳು. ಡಬ್ಬಿಯ ಪರೀಕ್ಷೆ ಮಾಡುತ್ತೇನೆ. ಸದ್ಯಕ್ಕೆ ಟಿಎಸ್-3ಆರ್ ಗಿಡಗಳ ಕೆಳಗೆ ತಾಡಪತ್ರಿ ಹಾಸಿ, ಅಲುಗಾಡಿಸಿ ಹುಳು ಉದುರಿಸುತ್ತಿದ್ದೇವೆ.