ಅಪ್‌ಡೇಟ್: 'ಕೋಲಾರ' ಕೊನೆಗೂ ಮ್ಯಾಚ್ ಆಯಿತು
ಹೋದ ವಾರ ಕೇಳಿದ್ದೆನಲ್ಲ, ಜಿಲ್ಲೆಗಳ ಎರಡು ಪಟ್ಟಿಯಲ್ಲೂ 'ಕೋಲಾರ' ಇದೆ, ಆದರೂ ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ) ಎರಡೂ ಬೇರೆ ಅನ್ನುತ್ತಿದೆ ಅಂತ. ಬಗೆಹರಿಯಿತು. ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ವಿಧಾನವಾದ ಯುಟಿಎಫ್-8ನಲ್ಲಿ ಮತ್ತೆ ಸೇವ್ ಮಾಡಿದ್ದು ಉಪಯೋಗಕ್ಕೆ ಬರಲಿಲ್ಲ, ಫೈಲು ಮೊದಲೇ ಹಾಗಿತ್ತು. ಫಾಂಟ್ ಬದಲಿಸಿದ್ದಂತೂ ಸುಮ್ನೆ ಟೈಮ್ ವೇಸ್ಟ್.

ಕೆಲಸ ಮಾಡಿದ್ದು 'ಎನ್‌ಎಫ್‌ಸಿಗೆ ನಾರ್ಮಲೈಸ್ ಮಾಡಿ' ಎಂಬ ಸಲಹೆ, ಅಂದರೆ ಒಂದೇ ಅಕ್ಷರ ಬೇರೆ ಬೇರೆ ಕೋಡ್‌ಗಳಲ್ಲಿದ್ದರೆ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ಯೂನಿಕೋಡ್ ರೂಪಕ್ಕೆ ತರುವುದು. ಒಂದು ಪಟ್ಟಿಯ 'ಕೋ'ದಲ್ಲಿ ಓತ್ವಕ್ಕೆ ಒಂದೇ ಕೋಡ್, ಇನ್ನೊಂದರಲ್ಲಿ ಅದೇ ಓತ್ವ ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡು! ತೆರೆಯ ಮೇಲೆ ಎರಡೂ ಒಂದೇ ಥರ ಕಂಡರೆ ನಮಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಎರಡೂ ಪಟ್ಟಿಗೆ ನಾರ್ಮಲೈಸ್ ಹಾಕಿದೆ, ಕೋಲಾರ ಸರಿಹೋಯಿತು.

'ಬೀದರ್' ಮಾತ್ರ ಆಗಲೂ ಹಟ ಹಿಡಿದಿತ್ತು. ನೋಡಿದರೆ ಕೊನೆಯ 'ರ್' ಆದಮೇಲೆ ಕಣ್ಣಿಗೆ ಕಾಣದ, ಅಕ್ಷರಗಳು ಕೂಡಿ ಒತ್ತಾಗದಂತೆ ತಡೆಯುವ ಗುರುತು ಝಡ್‌ಡಬ್ಲ್ಯೂಎನ್‌ಜೆ ಕೂತಿತ್ತು. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ, ಪದದ ಕೊನೆಯಲ್ಲಿದ್ದರೆ ನಾವೇ ತೆಗೆಯಬೇಕು.