ಎಸ್‌ಎಸ್‌ಎಲ್‌ಸಿ ಮಗಳೊಬ್ಬಳಿಗೇ ಮನೆಪಾಠ ಹೇಳಿಸಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು: ಮೈಸೂರಿನ ತಾಯಿ

ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ, ಕನ್ನಡ ಮಾಧ್ಯಮ. ಗಣಿತದಲ್ಲಿ ತುಂಬಾ ಹಿಂದೆ. ವಿಜ್ಞಾನ ಪರವಾಗಿಲ್ಲ, ಲೆಕ್ಕ ಬಂದರೆ ಮಾತ್ರ ಕಷ್ಟ. ಕನ್ನಡದಲ್ಲಿ ಛಂದಸ್ಸು ಅಂದರೆ ಅಳು. ಚಿತ್ರ ಮಾತ್ರ ಊಟ ಮರೆತು ಬರೆಯುತ್ತಾಳೆ, ಮುಂದೆ ಡಿಸೈನ್ ಓದುವ ಆಸೆ. ಈಗ ಹೋಗುತ್ತಿರುವ ಟ್ಯೂಷನ್‌ನಲ್ಲಿ ಮೂವತ್ತು ಮಕ್ಕಳಿದ್ದಾರೆ. ಅದನ್ನು ಬಿಡಿಸಿ ಅವಳೊಬ್ಬಳಿಗೇ ಹೇಳಿಕೊಡುವವರನ್ನು ಹುಡುಕುತ್ತಿದ್ದೇವೆ. ಎಲ್ಲಾ ವಿಷಯಕ್ಕೂ ಒಬ್ಬರೇ ಸಾಕಾ?

ದಾವಣಗೆರೆಯಿಂದ

ಹೋದ ವರ್ಷ ಮಗನಿಗೆ ನಾವೂ ಒಬ್ಬರನ್ನೇ ಇಟ್ಟಿದ್ದೆವು. ಅವರು ಗಣಿತ ಚೆನ್ನಾಗಿ ಹೇಳುತ್ತಿದ್ದರು. ಕನ್ನಡ, ಸಮಾಜಕ್ಕೆ ಬರೀ ನೋಟ್ಸ್ ಬರೆಸುತ್ತಿದ್ದರು. ಮೂರು ತಿಂಗಳಾದ ಮೇಲೆ ಗಣಿತ ಮಾತ್ರ ಉಳಿಸಿಕೊಂಡೆವು, ವಾರಕ್ಕೆ ಮೂರು ದಿನ. ಉಳಿದದ್ದನ್ನು ಅವನೇ ಓದಿಕೊಂಡ. ಮೊದಲೇ ಹೀಗೆ ಮಾಡಬೇಕಿತ್ತು.

ಶಿವಮೊಗ್ಗದ ನಿವೃತ್ತ ಮೇಷ್ಟ್ರು

ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿದವನು ನಾನು. ಈಗ ಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ. ನೋಡಮ್ಮ, ತರಗತಿಯಲ್ಲಿ ನಮಗೆ ಮಗುವಿನ ಉತ್ತರ ಕಾಣುತ್ತಿತ್ತು. ಪಕ್ಕದಲ್ಲಿ ಕೂತಾಗ ಪೆನ್ಸಿಲ್ ಎಲ್ಲಿ ನಿಂತಿತು ಅನ್ನೋದು ಕಾಣುತ್ತದೆ.

ಒಬ್ಬ ಹುಡುಗಿ ಬಂದಳು. "ವರ್ಗ ಸಮೀಕರಣ ಬರಲ್ಲ ಸಾರ್" ಅಂದಳು. x² − 3x − 10 = 0 ಕೊಟ್ಟೆ. ಸೂತ್ರ ಸರಾಗವಾಗಿ ಬರೆದಳು. −3ರ ವರ್ಗ ಬರೆಯುವಾಗ 9ರ ಬದಲು −9 ಬರೆದಳು. 9 + 40 ಸೇರಿ 49 ಬರಬೇಕಾದ ಕಡೆ 31 ಬಂತು. ಅದಕ್ಕೆ ವರ್ಗಮೂಲ ಸಿಗದೆ ಪೆನ್ಸಿಲ್ ಕೆಳಗಿಟ್ಟಳು. ಅವಳಿಗೆ ತೊಡಕಾಗಿದ್ದದ್ದು ಋಣ ಸಂಖ್ಯೆ, ಅದೂ ಚಿಕ್ಕ ತರಗತಿಯಿಂದ. ಎರಡು ಸಂಜೆ ಬರೀ ಅದನ್ನೇ ಮಾಡಿಸಿದೆ. ಆಮೇಲೆ ಮೂಲಗಳು 5 ಮತ್ತು −2 ಅಂತ ತಾನೇ ತೆಗೆದಳು. ಮಸೂರದ ಲೆಕ್ಕದಲ್ಲೂ ವಸ್ತುದೂರಕ್ಕೆ ಮೈನಸ್ ಬರುತ್ತದಲ್ವಾ, ಅಲ್ಲಿನ ತಪ್ಪೂ ನಿಂತಿತು. ನಿಮ್ಮ ಮಗಳ ವಿಜ್ಞಾನದ ಲೆಕ್ಕಕ್ಕೂ ಇದೇ ಕಾರಣ ಇರಬಹುದು, ನೋಡಿ.

ಒಬ್ಬೊಬ್ಬರಿಗೇ ಹೇಳಿಕೊಟ್ಟರೆ ಮಕ್ಕಳು ತುಂಬಾ ಮುಂದೆ ಹೋಗುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದಿದ್ದರು. ಆದರೆ ಅವರ ಪ್ರಯೋಗದಲ್ಲಿ ಹಾಗೆ ಕಲಿತ ಮಕ್ಕಳು ಒಂದು ಪಾಠ ಗಟ್ಟಿಯಾಗದೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಹೇಳಿಕೊಡುವವರು ಬಂದ ದಿನವೇ ಶಾಲೆಯಲ್ಲಿ ನಡೆಯುತ್ತಿರುವ ಪಾಠ ತೆರೆದರೆ ಸ್ವಲ್ಪ ಯೋಚನೆ ಮಾಡಿ. ಮೊದಲ ವಾರ ಹಳೇ ಪಾಠದ ಲೆಕ್ಕ ಕೊಟ್ಟು ಸುಮ್ನೆ ನೋಡುವವರು ಸಿಕ್ಕರೆ ಬಿಡಬೇಡಿ.

ಇನ್ನೊಂದು. ಅವಳ ಶಾಲೆಯ ಮೇಷ್ಟ್ರನ್ನೇ ಮನೆಪಾಠಕ್ಕೆ ಕರೆಯಬೇಡಿ. ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ.

ಧಾರವಾಡದಿಂದ, ಕನ್ನಡ ಹೇಳುವವಳು

ಅಕ್ಕಾ, ಛಂದಸ್ಸಿಗೆ ತಿಂಗಳುಗಟ್ಟಲೆ ಯಾರೂ ಬೇಡ. ನಾಲ್ಕೈದು ಸಲ ಜೊತೆಗೆ ಕೂತರೆ ಸಾಕು. ಮಕ್ಕಳು ಪದ್ಯ ಓದುವ ಮೊದಲೇ ಲಘು (ಒಂದು ಮಾತ್ರೆಯ ಅಕ್ಷರ), ಗುರು (ಎರಡು ಮಾತ್ರೆಯದು) ಗುರುತು ಹಾಕಲು ಹೋಗಿ ಸುಸ್ತಾಗುತ್ತಾರೆ. ನಾನು ಮೊದಲು ಜೋರಾಗಿ ಓದಿಸುತ್ತೇನೆ, ತೊಡೆಯ ಮೇಲೆ ತಾಳ ಹಾಕಿಸುತ್ತೇನೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ ಬರುತ್ತದೆ. ಅದು ಕೈಗೆ ಮೊದಲು ಸಿಗುತ್ತದೆ, ಆಮೇಲೆ ಕಣ್ಣಿಗೆ. 3 ಮತ್ತು 6ನೇ ಸಾಲಿನಲ್ಲಿ ಅದರ ಮೇಲೆ ಇನ್ನೊಂದು ಮೂರು, ನಾಲ್ಕು ಬಂದು ಕೊನೆಗೆ ಒಂದು ಗುರು. ಚಿಕ್ಕ ಸಾಲು 14, ದೊಡ್ಡದು 23, ಇಡೀ ಪದ್ಯಕ್ಕೆ 102 ಮಾತ್ರೆ. ಒಬ್ಬ ಹುಡುಗ ಎಣಿಸಿ 101 ಅಂದ. ತಾನೇ ವಾಪಸ್ ಹೋಗಿ ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುವುದನ್ನು ಹುಡುಕಿದ. ಆ ಮುಖ ನೋಡಬೇಕಿತ್ತು ನೀವು!

ಬೆಂಗಳೂರಿನ ಡಿಸೈನ್ ವಿದ್ಯಾರ್ಥಿ

ಆಂಟಿ, ಡಿಸೈನ್ ಕೋಚಿಂಗ್‌ಗೆ ಈಗಲೇ ದುಡ್ಡು ಹಾಕಬೇಡಿ. ಡಿಸೈನ್ ಪದವಿ ಸೇರಲು ಐಐಟಿ ಬಾಂಬೆ ನಡೆಸುವ ಯುಸೀಡ್ ಪ್ರವೇಶ ಪರೀಕ್ಷೆ ಬರೆಯುವುದು ಪಿಯುಸಿ ಹೊತ್ತಿಗೆ. ಆರ್ಕಿಟೆಕ್ಚರ್ ಕಡೆ ಮನಸ್ಸಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಲೇಬೇಕು. ಚಿತ್ರ ಚೆನ್ನಾಗಿದೆ ಅಂತ ಗಣಿತ ಕೈಬಿಟ್ಟು ಆಮೇಲೆ ಅತ್ತ ಗೆಳೆಯರಿದ್ದಾರೆ ನನಗೆ.

ನನಗೆ ಹೇಳಿಕೊಟ್ಟವರು ಮೊದಲ ದಿನ ಅಡುಗೆಮನೆಯ ಕುಕ್ಕರ್ ತರಿಸಿ ಮೂರು ಕಡೆಯಿಂದ ಬರೆಸಿದರು. ನಾನು ಹಿಡಿಯನ್ನು ಸುಮ್ನೆ ಅಂಟಿಸಿದ ಹಾಗೆ ಬರೆದಿದ್ದೆ. "ಇದನ್ನು ಹಿಡಿದು ಎತ್ತಿದರೆ ಕುಕ್ಕರ್ ಬರುತ್ತಾ?" ಅಂತ ಕೇಳಿದರು. ಆಗ ಸ್ಕ್ರೂ ಎಲ್ಲಿದೆ ಅಂತ ತಿರುಗಿಸಿ ನೋಡಿದೆ. ಒಂದು ದಿನವೂ ನನ್ನ ಹಾಳೆಯ ಮೇಲೆ ಅವರು ಗೆರೆ ಎಳೆದಿಲ್ಲ. ತೋರಿಸಬೇಕಾದಾಗ ತಮ್ಮ ಹಾಳೆಯಲ್ಲಿ ಬರೆದು ತೋರಿಸುತ್ತಿದ್ದರು. ಚಿತ್ರಕ್ಕೆ ಯಾರನ್ನಾದರೂ ಇಟ್ಟರೆ ಇದೊಂದನ್ನು ಗಮನಿಸಿ.

ಮೈಸೂರಿನ ತಾಯಿ, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅವಳ ಪಕ್ಕ ಕೂತು, ಏನೂ ಮಾತಾಡದೆ ಐದು ಲೆಕ್ಕ ಮಾಡಿಸಿದೆ. ಮೂರರಲ್ಲಿ ಭಿನ್ನರಾಶಿ ಬಂದ ಕಡೆಯೇ ನಿಂತಳು. ಇಷ್ಟು ದಿನ ನಾನು ಬರೀ ಮಾರ್ಕ್ಸ್ ಕಾರ್ಡ್ ನೋಡುತ್ತಿದ್ದೆ. ಗಣಿತಕ್ಕೆ ಒಬ್ಬರು ಮೇಡಂ ಸಿಕ್ಕಿದ್ದಾರೆ, ಭಾನುವಾರ ಬರುತ್ತಾರೆ. ಆ ಹಾಳೆ ಎತ್ತಿಟ್ಟಿದ್ದೇನೆ, ಅವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.